ಎದ್ದು ನಿಲ್ಲದವನು

“ಮೈಮ್ಯಾಲ ಲೋಹದ್ದೇನರ ಐತೇನ್ರಿ?”

ಕೊಲ್ಹಾಪುರದ ಆ ಸ್ಕ್ಯಾನ್ ಸೆಂಟರಿನಲ್ಲಿ ದಿನಕ್ಕೆ ಹತ್ತು ಸಲ ಕೇಳುವ ಪ್ರಶ್ನೆ. ಕೇಳುತ್ತಲೇ ತಲೆಯೆತ್ತಿದ ಟೆಕ್ನಿಷಿಯನ್ ಮನಾಲಿ ಚೀಟಿಯ ಮೇಲಿನ ಹೆಸರನ್ನು ಮತ್ತೊಮ್ಮೆ ಓದಿದಳು.

ಜಿನೇಂದ್ರ!

ಎರಡು ತಿಂಗಳ ಹಿಂದೆ ಗಡಹಿಂಗ್ಲಜದ ಅವಳ ಮನೆಗೆ ಹೆಣ್ಣು ನೋಡಲು ಬಂದಿದ್ದವನು. ಅಜ್ಜಿ ಒಳಗಿನಿಂದ ಬಂದಾಗ ಎಲ್ಲರೂ ಎದ್ದು ನಿಂತರೆ, ಇವನೊಬ್ಬ ಕುಳಿತಲ್ಲೇ ಕೈ ಮುಗಿದಿದ್ದ. “ಭಾಳ ಸೊಕ್ಕು! ಬ್ಯಾಡ ಈ ಸಂಬಂಧ” ಎಂದುಬಿಟ್ಟಿದ್ದಳು ಅಜ್ಜಿ. ಅವನು ನನಗೆ ಹಿಡಿಸಿದ್ದಾನೆ ಎನ್ನುವ ಧೈರ್ಯ ಮನಾಲಿಗೆ ಬಂದಿರಲಿಲ್ಲ...

ಈಗ ಅವನು ಗೋಡೆ ಹಿಡಿದು ನಿಂತಿದ್ದ.

“ಕೊಲ್ಹಾಪುರದಾಗ ಇಷ್ಟ ಸೆಂಟರ್ ಅದಾವ, ನಿಮ್ಮದ ಸಿಗಬೇಕೇನ್ರಿ!”

ಅವಳು ನಗಲಿಲ್ಲ. “ಕಾಲಿಗೆ ಏನಾಗೈತಿ?”

“ಐದು ತಿಂಗಳಾತು, ಕುಂತ್ರ ಜೋಮು ಹಿಡೀತಾವ. ಮಗ್ಗದ ಮುಂದ ನಿಂತು ಸೊಂಟ ಹೋಗೈತಿ ಅಂತಾರ ನಮ್ಮ ಶಹಾಪುರದ ಮಂದಿ. ಎಣ್ಣಿ ತಿಕ್ಕಿಸಿದೆ. ಇಚಲಕರಂಜಿಯೊಳಗ ಸೊಂಟದ ಸ್ಕ್ಯಾನೂ ಆತು, ಏನೂ ಸಿಗಲಿಲ್ಲ.”

ಐದು ತಿಂಗಳು? ಹಾಗಾದರೆ...

“ಆವತ್ತು ನಮ್ಮ ಮನ್ಯಾಗ?”

“ಏಳಾಕ ಬರಲಿಲ್ರಿ. ಜಡ್ಡಿನ ಸುದ್ದಿ ತಗೀಬ್ಯಾಡ, ಸಂಬಂಧ ಮುರೀತೈತಿ ಅಂದಿದ್ರು ನಮ್ಮ ಕಾಕಾ.”

ಅಯ್ಯೋ!

ಚೀಟಿಯಲ್ಲಿ ಈ ಸಲವೂ ಸೊಂಟದ ಸ್ಕ್ಯಾನೇ ಇತ್ತು. ಚಿತ್ರದಲ್ಲಿ ಯಾವ ದೋಷವೂ ಕಾಣಲಿಲ್ಲ. ಅವಳ ಮನಸ್ಸು ಒಪ್ಪಲಿಲ್ಲ. ಡಾಕ್ಟರಿಗೆ ಫೋನು ಮಾಡಿ, ಕೇಳಿಕೊಂಡು, ಕುತ್ತಿಗೆಯಿಂದ ಕೆಳಗಿನವರೆಗೆ ಇಡೀ ಬೆನ್ನಿನ ಚಿತ್ರ ತೆಗೆದಳು.

ಭುಜಗಳ ನಡುವೆ, ನೀರು ತುಂಬಿದ ಬಿಳಿ ಗುಳ್ಳೆ! ಅದರ ಒತ್ತಡಕ್ಕೆ ಬೆನ್ನುಹುರಿ ನೂಲಿನಷ್ಟು ತೆಳ್ಳಗಾಗಿತ್ತು.

“ಏನ್ ಕಾಣಿಸ್ತ್ರಿ?”

ಟೆಕ್ನಿಷಿಯನ್ ಬಾಯಿ ಬಿಡುವಂತಿಲ್ಲ. “ಡಾಕ್ಟರ್ ಹೇಳ್ತಾರ” ಎಂದು ಮುಖ ತಿರುಗಿಸಿದಳು. ಕಣ್ಣೀರು ಕಾಣಬಾರದಿತ್ತು. ‘ಇನ್ನೂ ನನ್ನ ಮೇಲೆ ಸಿಟ್ಟು’ ಎಂದುಕೊಂಡ ಅವನು.

ಡಾಕ್ಟರು ಬಿಡಿಸಿ ಹೇಳಿದರು. ಇದು ಅಪರೂಪದ ಸಿಸ್ಟ್, ಕ್ಯಾನ್ಸರ್ ಅಲ್ಲ. ಬೇಗ ಆಪರೇಶನ್ ಆಗಬೇಕು. ಮೊದಲಿನ ಹಾಗೆ ನಡೆಯುತ್ತಾನೆಂದು ಮಾತ್ರ ಯಾರೂ ಮಾತು ಕೊಡಲಾರರು.

ಆರು ದಿನ ಮನಾಲಿಗೆ ಅನ್ನ ಸೇರಲಿಲ್ಲ. ಏಳನೆಯ ದಿನ, ಆಪರೇಶನ್ನಿನ ಬೆಳಿಗ್ಗೆ, ಆಸ್ಪತ್ರೆಯ ವಾರ್ಡಿನಲ್ಲಿ, ಅವನ ಮಂಚದ ಮುಂದೆ ಇದ್ದಳು.

“ಕನಿಕರಾ ಪಡಾಕ ಬಂದೀರೇನು?”

“ಜಗಳಾ ಮಾಡಾಕ ಬಂದೇನಿ! ಕಾಕಾ ಬ್ಯಾಡಂದ್ರ ಏನಾತು? ನನಗರ ಹೇಳಬೇಕಿತ್ತಿಲ್ಲ? ಅಜ್ಜಿಗೆ ಎಲ್ಲಾ ಹೇಳೇನಿ.”

“ಏನಂದ್ರು?”

“ಅತ್ಲು. ಆಮ್ಯಾಲ ನಿಮ್ಮ ಕಾಕಾಗ ಮನಸಾರೆ ಬೈದ್ಲು.”

ಅವನು ನಕ್ಕ. ನಗು ಅರ್ಧಕ್ಕೇ ನಿಂತಿತು. “ಮನಾಲಿ... ನಡಿಯಾಕ ಬರಲಿಲ್ಲಂದ್ರ?”

ಅವಳು ಅವನ ತಣ್ಣಗಿನ ಕೈ ಹಿಡಿದಳು. “ನೀವಿರೂದು ಮಾಳಿಗಿ ಮ್ಯಾಲ ಅಲ್ಲಾ? ಕೆಳಗ ಖೋಲಿ ಐತೇನು?”

“ಐತಿ, ಮಗ್ಗದ ಬಾಜೂಕ. ಖಡಖಡ ಸಪ್ಪಳಾ, ನಿದ್ದಿ ಹತ್ತೂದಿಲ್ಲ.”

“ಮೂರು ವರ್ಷಾತು, ದಿನಾ ಎಮ್‌ಆರ್‌ಐ ಸಪ್ಪಳಾ ಕೇಳಾಕತ್ತೇನಿ. ಆ ಖೋಲೀನ ನಮಗಿರಲಿ.”

ಸ್ಟ್ರೆಚರ್ ಬಂತು. ಅವನು ಕೈ ಬಿಡಲಿಲ್ಲ.

“ನಮಗ ಅಂದ್ರಿ...?”

“ಹೌದ್ರಿ. ನಮಗ.”