ಮೇಷ್ಟ್ರು ಮಾತು ಬಿಟ್ಟ ವರ್ಷ

ಮದುವೆಯಾದ ಮೂರನೇ ತಿಂಗಳಿಂದ ಗಂಡ ತನ್ನ ಮುಖ ನೋಡುವುದನ್ನೇ ಬಿಟ್ಟಾಗ, ತಾನು ಅವನಿಗೆ ಬೇಡವಾದೆ ಎಂದೇ ವಿಮಲ ತಿಳಿದಳು.

ತರೀಕೆರೆಗೆ ಹೆಣ್ಣು ನೋಡಲು ಬಂದಿದ್ದಾಗ ಓಂಕಾರಮೂರ್ತಿ ಹೀಗಿರಲಿಲ್ಲ. ಅಜ್ಜಂಪುರದ ಮಿಡ್ಲ್ ಸ್ಕೂಲಿನ ಲೆಕ್ಕದ ಮೇಷ್ಟ್ರು. ಹುಡುಗಿ ಕೈಲಿ ಒಂದು ಹಾಡು ಹೇಳಿಸಿ ಎಂದು ಹಿರಿಯರು ಅಂದರೆ, "ಹಾಡು ಬೇಡ, ಹದಿನೇಳರ ಮಗ್ಗಿ ಬರುತ್ತಾ ಕೇಳಿ" ಎಂದಿದ್ದ. ಅವಳು ತಲೆ ತಗ್ಗಿಸಿಕೊಂಡೇ, "ಅವರಿಗೆ ಬರುತ್ತಂತಾ?" ಎಂದಿದ್ದಳು. ಆಗ ಅವನು ನಕ್ಕ ನಗು, ಹೊರಡುವಾಗ ಚಪ್ಪಲಿ ಹುಡುಕುವ ನೆಪದಲ್ಲಿ ಕದ್ದು ನೋಡಿದ ನೋಟ, ಅದನ್ನೇ ನಂಬಿಕೊಂಡು ಅವಳು ಈ ಮನೆಗೆ ಬಂದದ್ದು.

೧೯೬೩ರ ದಸರೆ ಕಳೆಯಿತು. ಆಮೇಲೆ ಏನಾಯಿತೋ, ಆ ನಗು ಸದ್ದಿಲ್ಲದೆ ಹೊರಟುಹೋಯಿತು. ಕೋಳಿ ಕೂಗುವ ಮೊದಲೇ ಎಚ್ಚರವಾಗಿ ಅವನು ಸೂರು ನೋಡುತ್ತಾ ಬಿದ್ದುಕೊಂಡಿರುತ್ತಿದ್ದ. ರೊಟ್ಟಿ ಮುರಿದು ತಟ್ಟೆಯಲ್ಲೇ ಬಿಡುತ್ತಿದ್ದ. ಒಂದು ದಿನ ಕ್ಲಾಸಿನಲ್ಲಿ ಚಾಕ್‌ಪೀಸ್ ಹಿಡಿದು ಬೋರ್ಡಿನ ಮುಂದೆ ನಿಂತವನು ಬೆಲ್ ಹೊಡೆಯುವವರೆಗೂ ಹಾಗೆಯೇ ನಿಂತಿದ್ದನಂತೆ. ಹೆಡ್‌ಮಾಸ್ಟರು ರಜೆ ಬರೆಸಿ ಕಳಿಸಿದರು. ಅಂದಿನಿಂದ ಗೋಡೆಯ ಕಡೆ ಮುಖ.

"ಏನ್ರೀ, ನಾನು ನಿಮಗೆ ಇಷ್ಟ ಇಲ್ವಾ?" ಒಂದು ಮಧ್ಯಾಹ್ನ ಅವಳು ಕೇಳಿಯೇಬಿಟ್ಟಳು.

ಅವನು ಗೋಡೆ ನೋಡುತ್ತಲೇ ಹೇಳಿದ. "ಇಷ್ಟ ಅನ್ನೋದು ಹೆಂಗಿರುತ್ತೆ ಅಂತ್ಲೇ ಮರ್ತೋಗಿದೆ ವಿಮಲ. ಯಾವುದ್ರ ಮೇಲೂ ಇಲ್ಲ."

ಅವಳಿಗೆ ಅದು ನೆಪದಂತೆ ಕೇಳಿಸಿತು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎದ್ದು ಹೋದಳು.

ಅತ್ತೆ ಕಲ್ಲಮ್ಮ ಮಠದಿಂದ ವಿಭೂತಿ ತಂದು ಹಚ್ಚಿದಳು, ತಾಯಿತ ಕಟ್ಟಿಸಿದಳು. ಕೊನೆಗೆ ಸೋತು ಜಗಲಿಯಲ್ಲಿ ಕೂತು, ಒಳಗಿದ್ದ ಸೊಸೆಗೂ ಕೇಳುವಂತೆಯೇ ಪಕ್ಕದ ಮನೆಯವರಿಗೆ ಹೇಳಿದಳು: "ಬಂಗಾರದಂಥ ಹುಡ್ಗ ಕಣ್ರೀ. ಎಲ್ಲಾ ಇವ್ಳ ಕಾಲ್ಗುಣ."

ಆ ಮಾತು ತರೀಕೆರೆಗೂ ಮುಟ್ಟಿತು. ತಂದೆ ಸೋಮಶೇಖರಪ್ಪ ಮೊದಲ ಬಸ್ಸಿಗೇ ಬಂದರು. "ಬಟ್ಟೆ ತಗಂಡು ಹೊರಡು ಮಗಾ. ಇಂಥ ಮಾತು ಕೇಳ್ಕಂಡು ಇಲ್ಲಿರೋದೇನೂ ಬ್ಯಾಡ."

ವಿಮಲ ಸೀರೆಗಳನ್ನು ಟ್ರಂಕಿಗೆ ತುಂಬಿದಳು. ಹೇಳಿ ಹೋಗಲೆಂದು ಕೋಣೆಗೆ ಬಂದರೆ, ಎಷ್ಟೋ ದಿನಗಳ ಮೇಲೆ ಅವನು ಎದ್ದು ಕೂತಿದ್ದ. ಮುಖ ತಿಳಿಯಾಗಿತ್ತು. ಅವಳನ್ನು ನೇರವಾಗಿ ನೋಡಿದ. ಆ ನೋಟಕ್ಕಾಗಿ ಇಷ್ಟು ದಿನ ಕಾದಿದ್ದವಳಿಗೆ ಯಾಕೋ ಭಯವಾಯಿತು.

"ಹೋಗು, ಒಳ್ಳೇದಾಯ್ತು. ನೀನು ಹೋದ್ರೆ ನನಗೆ ಸಲೀಸು."

"ಏನ್ ಸಲೀಸು?"

ಅವನು ಕೈಗಡಿಯಾರ ಬಿಚ್ಚಿ ಅವಳ ಅಂಗೈಯಲ್ಲಿಟ್ಟ. "ಇದನ್ನ ನೀನೇ ಇಟ್ಕೋ. ನನಗಿನ್ನು ಬೇಕಾಗಲ್ಲ."

ವಿಮಲಳಿಗೆ ಎಲ್ಲವೂ ಅರ್ಥವಾಗಿಹೋಯಿತು. ಅವನ ಪಕ್ಕದಲ್ಲೇ ಕೂತಳು.

"ಸಾಯ್ಬೇಕು ಅನ್ಸುತ್ತಾ ನಿಮಗೆ?"

ಕೇಳಬಾರದ್ದನ್ನು ಕೇಳಿದೆನೆಂದು ಅವಳಿಗೆ ಅನ್ನಿಸಿತು. ಆದರೆ ಅವನು ಹೌದೆಂದು ತಲೆಯಾಡಿಸಿ, ಅವಳ ಎದುರು ಮೊದಲ ಸಲ ಅತ್ತ. ಯಾರಾದರೂ ಕೇಳಲಿ ಎಂದೇ ತಿಂಗಳುಗಟ್ಟಲೆ ಕಾದಿದ್ದವನಂತೆ ಅತ್ತ.

ಅವನ ಕೈ ಬಿಡದೆ, ಕೂತಲ್ಲಿಂದಲೇ ಅವಳು ಕೂಗಿದಳು. "ಅಪ್ಪಾಜಿ, ನಾನು ಬರಲ್ಲ. ಇವರಿಗೆ ಹುಷಾರಿಲ್ಲ. ಡಾಕ್ಟ್ರನ್ನ ಕರ್ಕಂಡ್ ಬನ್ನಿ."

ಬಂದ ಡಾಕ್ಟರು ಒಂದು ಗಂಟೆ ಕೂತು ಕೇಳಿ, ಬೆಂಗಳೂರಿನ ಮಾನಸಿಕ ಆಸ್ಪತ್ರೆಗೆ ಚೀಟಿ ಬರೆದರು. ಕಲ್ಲಮ್ಮ ಬಾಗಿಲಿಗೆ ಅಡ್ಡ ನಿಂತಳು.

"ನನ್ ಮಗನ್ನ ಹುಚ್ಚಾಸ್ಪತ್ರೆಗೆ ಸೇರಿಸ್ತೀಯೇನೇ? ನಾಳೆ ಊರಾಗೆ ತಲೆ ಎತ್ತೋದೆಂಗೆ?"

"ಮಗ ಉಳಿದ್ರೆ ತಾನೇ ಅತ್ತೆಮ್ಮ, ತಲೆ ಎತ್ತೋ ಮಾತು?"

ಕಲ್ಲಮ್ಮ ಬಾಗಿಲು ಬಿಟ್ಟಳು.

ಬೀರೂರಿನಲ್ಲಿ ಗಾಡಿ ಬದಲಿಸುವಾಗ ವಿಮಲ ಅವನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದೇ ಇದ್ದಳು. ನಾಚಿಕೆ ಬಿಟ್ಟ ಹೊಸ ಜೋಡಿ ಎಂದುಕೊಂಡು ಪ್ಲಾಟ್‌ಫಾರಂ ಮೇಲಿದ್ದ ಹೆಂಗಸರು ನಕ್ಕರು.

ಆಸ್ಪತ್ರೆಯಲ್ಲಿ ಏಳು ವಾರ ಇದ್ದರು. ಮಾತ್ರೆ ಕೊಟ್ಟರು. ಅದರ ಜೊತೆಗೆ, ದಿನ ಬಿಟ್ಟು ದಿನ ನರೆಗೂದಲಿನ ಡಾಕ್ಟರೊಬ್ಬರು ಅವನೆದುರು ಕೂರುತ್ತಿದ್ದರು. ಮೊದಲ ವಾರ ಅವನು ಬಾಯಿಯೇ ಬಿಡಲಿಲ್ಲ. ಡಾಕ್ಟರೂ ಆತುರಪಡಿಸದೆ ಸುಮ್ಮನೆ ಕೂತರು. ಎರಡನೇ ವಾರ ಬಂದದ್ದು ಒಂದೇ ಮಾತು: "ನನ್ನಿಂದ ಎಲ್ರಿಗೂ ತೊಂದ್ರೆ."

"ಇದು ನಿಮ್ಮ ಕಾಯಿಲೆ ಆಡಿಸೋ ಮಾತು ಮೇಷ್ಟ್ರೇ. ನಿಜಾನಾ ಅಂತ ನಿಮ್ಮ ಮನೆಯವರನ್ನೇ ಕೇಳೋಣ," ಎಂದು ಡಾಕ್ಟರು ವಿಮಲಳನ್ನು ಒಳಗೆ ಕರೆದರು.

ವಿಮಲ ಗಂಡನ ಮುಖ ನೋಡಿಯೇ ಹೇಳಿದಳು. "ತೊಂದ್ರೆ ಆಗಿದೆ. ಸುಳ್ಳ್ಯಾಕೆ ಹೇಳ್ಲಿ? ಆದ್ರೆ ನೀವೇ ಇಲ್ದಂಗಾದ್ರೆ, ಅದಕ್ಕೆ ತೊಂದ್ರೆ ಅನ್ನೋ ಹೆಸ್ರು ಸಾಲಲ್ಲ ಕಣ್ರೀ."

ಅವನು ತಲೆ ಎತ್ತಿ ಅವಳನ್ನು ನೋಡಿದ. ರೆಪ್ಪೆ ಒದ್ದೆಯಾಗಿತ್ತು. ಆಮೇಲೆ ಮಾತು ಬಂತು, ತಡವರಿಸಿಕೊಂಡು, ದಿನಕ್ಕಿಷ್ಟು.

ಹೊರಡುವ ಮುನ್ನ ಅವಳು ಡಾಕ್ಟರನ್ನು ಕೇಳಿದಳು, "ನನ್ನ ಕಾಲ್ಗುಣದಿಂದ ಬಂತು ಅಂತಾರೆ ಡಾಕ್ಟ್ರೇ."

"ಟೈಫಾಯ್ಡ್ ಬಂದ್ರೆ ಯಾರ ಕಾಲ್ಗುಣ ಅಂತೀರಮ್ಮಾ?"

ಅವಳು ವರಾಂಡಕ್ಕೆ ಬಂದು, ಕಂಬಕ್ಕೆ ಒರಗಿ ಮನಸಾರೆ ಅತ್ತಳು.

ಪೂರ್ತಿ ವಾಸಿಯಾಗಿ ಬಂದ ಎನ್ನುವಂತಿರಲಿಲ್ಲ. ಜೂನಿನಲ್ಲಿ ಸ್ಕೂಲಿಗೆ ಹೋಗತೊಡಗಿದ. ಮಕ್ಕಳು ಕೆಲವರು ಬೆನ್ನ ಹಿಂದೆ ಹುಚ್ಚು ಮೇಷ್ಟ್ರು ಎಂದರು. ಕೆಲವು ದಿನ ಅಂಗಿ ತೊಡುವಷ್ಟರಲ್ಲೇ ದಣಿದು ಕೂರುತ್ತಿದ್ದ. ತಿಂಗಳಿಗೊಮ್ಮೆ ಇಬ್ಬರೂ ಬೆಂಗಳೂರಿಗೆ ಹೋಗಿಬರುತ್ತಿದ್ದರು. ವರ್ಷ ಕಳೆದ ಮೇಲೆ, ಸಾಕು, ಬೇಕಾದಾಗ ಬನ್ನಿ ಎಂದರು ಡಾಕ್ಟರು.

ಮರುವರ್ಷದ ಮಾರ್ಚಿನಲ್ಲಿ ಒಂದು ದಿನ ಅವನು ಸ್ಕೂಲಿನಿಂದ ನಡುಹಗಲಿಗೇ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ. ವಿಮಲ ಹಿಟ್ಟು ನಾದುತ್ತಿದ್ದಳು.

"ವಿಮಲಾ, ಮತ್ತೆ ಬರ್ತಾ ಇದೆ ಕಣೇ. ಮೂರು ದಿನ ಆಯ್ತು. ನಿನಗೆ ಹೇಳಬಾರ್ದು ಅಂತಿದ್ದೆ. ಆದ್ರೆ ಭಯ ಆಗ್ತಿದೆ... ನನಗೆ ನಿನ್ನ ಜೊತೆ ಬದುಕ್ಬೇಕು."

ಅವನ ಆ ಕತ್ತಲೆಯ ಪರಿಚಯ ಅವಳಿಗೂ ಇತ್ತು. ಆದರೂ ನಿನ್ನ ಜೊತೆ ಬದುಕಬೇಕು ಎನ್ನುವಷ್ಟು ದೊಡ್ಡ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

"ಮೂರು ದಿನ ಯಾಕ್ರೀ ಕಾದ್ರಿ?" ಎಂದು ಗದರಿದಳು. "ಬೆಳಗಿನ ಗಾಡಿಗೆ ಹೋಗಾಣ."

ಹಿಂದೆ ನಿಂತು ಕೇಳಿಸಿಕೊಂಡಿದ್ದ ಕಲ್ಲಮ್ಮ ಬಂದು ಸೊಸೆಯ ಮುಂದಿದ್ದ ಹಿಟ್ಟಿನ ಪರಾತ ಎಳೆದುಕೊಂಡಳು. "ಬುತ್ತಿಗೆ ರೊಟ್ಟಿ ನಾನ್ ತಟ್ತೀನಿ. ನೀನು ಎದ್ದು ಅವನ ಹತ್ರ ಹೋಗವ್ವ."

ವಿಮಲ ಎದ್ದಳು. ಹಿಟ್ಟಿನ ಕೈಯಲ್ಲೇ ಅವನ ಮುಖ ಹಿಡಿದುಕೊಂಡಳು.