ಪೆನ್ಸಿಲ್ ಗುರುತುಗಳು

ಲ್ಯಾಟಿನ್, ಗ್ರೀಕ್, ಪಾಳಿ, ಪರ್ಷಿಯನ್, ಫ್ರೆಂಚ್, ಐದನ್ನೂ ನಾನು ಯಾವ ಮೇಷ್ಟರ ಹಂಗೂ ಇಲ್ಲದೆ ಕಲಿಯುತ್ತಿದ್ದೇನೆ. ಪಾಠ ಮುಗಿದಾಗೆಲ್ಲ ನೋಟ್‌ಬುಕ್ಕಿನಲ್ಲಿ ಆ ಪಾಠದ ಸಂಖ್ಯೆಯ ಮುಂದೆ ಪೆನ್ನಿನಿಂದ ಒಂದು ರೈಟ್ ಗುರುತು ಹಾಕುತ್ತೇನೆ. ಪಕ್ಕದ ಕೋಣೆಯಲ್ಲಿ ಹಾಸಿಗೆ ಹಿಡಿದಿದ್ದ ಅಕ್ಕ ಕೂಗಿ ಕೇಳುತ್ತಿದ್ದಳು: "ನಂಗೂ ಒಂದಿಷ್ಟು ಹೇಳ್ಕೊಡೋ, ಹೊತ್ತೇ ಹೋಗಲ್ಲ."

"ನಾಳೆ ಅಕ್ಕಾ, ಈ ಪಾಠ ಒಂದು ಮುಗೀಲಿ" ಅನ್ನುತ್ತಿದ್ದೆ. ಹಾಗೆ ಅನ್ನುತ್ತಲೇ ಎರಡು ವರ್ಷ ಕಳೆಯಿತು, ಅಕ್ಕ ತೀರಿಕೊಂಡಳು.

ತಿಂಗಳ ಮೇಲೆ, ಬಿರುಬಿಸಿಲಿನ ಒಂದು ಮಧ್ಯಾಹ್ನ, ಗ್ರೀಕ್ ವಾಕ್ಯವೊಂದನ್ನು ಗಟ್ಟಿಯಾಗಿ ಓದಿದೆ. ಮೇಜಿನ ಮೇಲಿದ್ದ ಕೈ ತಣ್ಣಗಾಯಿತು. ಅಕ್ಕನ ಖಾಲಿ ಕೋಣೆಯಿಂದ ಅದೇ ವಾಕ್ಯ ಮೆಲ್ಲಗೆ ಕೇಳಿಸಿತು. ನಾನು ತಡವರಿಸಿದ ಪದದಲ್ಲೇ ಆ ದನಿಯೂ ತಡವರಿಸಿತು.

ಅಮ್ಮ ಅಡುಗೆಮನೆಯಿಂದ ಬಂದು, "ಯಾರಿಗಪ್ಪಾ ಪಾಠ ಹೇಳ್ಕೊಡ್ತಿದ್ದೀಯ?" ಅಂದಳು.

ನೋಟ್‌ಬುಕ್ ತೆರೆದು ನೋಡಿದೆ. ನನ್ನ ಒಂದೊಂದು ಗುರುತಿನ ಪಕ್ಕದಲ್ಲೂ ಪೆನ್ಸಿಲಿನ ಪುಟ್ಟ ಗುರುತಿತ್ತು. ನಾನು ಓದದೆಯೇ ಸುಳ್ಳು ಗುರುತು ಹಾಕಿಕೊಂಡಿದ್ದ ಕಡೆ ಮಾತ್ರ ಇರಲಿಲ್ಲ.

ಈಗ ಆ ಕೋಣೆಯ ಬಾಗಿಲು ತೆರೆದಿಟ್ಟು, ಪದ ಬಿಡಿಸಿ ಬಿಡಿಸಿ ಓದುತ್ತೇನೆ. ತಪ್ಪುಕಾಣಿಕೆ ಅಂತಲೇ ಅನ್ನಿ. ಗ್ರೀಕಿನಲ್ಲಿ ನಾನಿನ್ನೂ ಮೂವತ್ತೊಂದನೆಯ ಪಾಠದಲ್ಲಿದ್ದೇನೆ. ಪೆನ್ಸಿಲಿನ ಗುರುತುಗಳು ನಲವತ್ತನೆಯ ಪಾಠವನ್ನು ದಾಟಿ ಹೋಗಿವೆ.