ಐಸ್‌ಕ್ರೀಮ್ ಗೋಡೆಯ ಮನೆ

"ಬಾಗ್ಲೂ...! ಬಾಗ್ಲು ಹಾಕ್ರೋ! ತಂಪೆಲ್ಲಾ ಓಡಿಹೋಗುತ್ತೆ!"

ಹೊಟ್ಟೆ ಮುಂದೆ ಚಾಚಿ, ಗಂಟಲು ದಪ್ಪ ಮಾಡಿಕೊಂಡು ಕೂಗಿದ್ದು ಗಿಣಿ. ಅಪ್ಪನೇ ಬಂದನೆಂದುಕೊಂಡ ಅಮ್ಮ ಅಡುಗೆಮನೆಯಿಂದ ಓಡಿಬಂದು ಬಾಗಿಲು ಹಾಕಿಯೂಬಿಟ್ಟಳು. ಮಂಚದ ಮೇಲಿದ್ದ ಅಜ್ಜಿ ಬೀಸಣಿಗೆ ಜಾರಿ ಬೀಳುವಷ್ಟು ನಕ್ಕಳು.

"ತಂಪಂತೆ ತಂಪು!" ಗಿಣಿ ಮೂತಿ ತಿರುವಿದಳು. "ಓಡಿಹೋಗೋಕಾದ್ರೂ ಇರ್ಬೇಕಲ್ವಾ ಅಜ್ಜಿ?"

ಯಾರ ದನಿಯನ್ನಾದರೂ ಹಾಗೇ ಎತ್ತಿ ಆಡುತ್ತಿದ್ದಳೆಂದೇ ಅಜ್ಜಿ ಅವಳಿಗೆ ಗಿಣಿ ಎಂದು ಹೆಸರಿಟ್ಟಿದ್ದು. ಅಪ್ಪನ ದನಿಯಂತೂ ಅವಳಿಗೆ ನೀರು ಕುಡಿದಷ್ಟು ಸುಲಭ.

ಐಸ್‌ಕ್ರೀಮ್ ಇಡುವ ಗೋದಾಮುಗಳಿಗೆ ದಪ್ಪ ಥರ್ಮಾಕೋಲ್ ಗೋಡೆ ಕೂರಿಸುವುದು ಅಪ್ಪನ ಕೆಲಸ. ಮನೆಗೂ ಅಂಥದ್ದೇ ಗೋಡೆ, ಅಂಥದ್ದೇ ಸೂರು, ಜೋಡಿ ಗಾಜಿನ ಕಿಟಕಿ, ಸಂದಿಗೆಲ್ಲ ರಬ್ಬರ್ ಪಟ್ಟಿ. "ನಮ್ಮನೆ ಅಂದ್ರೆ ಫ್ಲಾಸ್ಕ್ ಕಣೇ!" ಎಂದು ಚಳಿಗಾಲವೆಲ್ಲ ಮೀಸೆ ತಿರುವಿದ. ಬೇಸಿಗೆ ಬಂತು. ಫ್ಲಾಸ್ಕಿನೊಳಗೆ ಎಲ್ಲರೂ ಕಾಫಿಯಾದರು.

ನಕ್ಕು ಮುಗಿದ ಮೇಲೆ ಅಜ್ಜಿ ಬೆವರು ಒರೆಸಿಕೊಂಡಳು. "ಭಾನುವಾರ ನಿಮ್ಮತ್ತೆ ಮನೆಗೆ ಹೋಗ್ಬಿಡ್ತೀನಮ್ಮಾ. ಅವಳದು ತಗಡಿನ ಸೂರು, ಮಧ್ಯಾಹ್ನ ಸುಡುತ್ತೆ ನಿಜ. ಆದ್ರೆ ರಾತ್ರಿ ಕಣ್ಣು ಮುಚ್ಚಬಹುದು."

ಗಿಣಿಯ ಹೊಟ್ಟೆ ತಾನಾಗಿ ಒಳಗೆ ಹೋಯಿತು. ಅಜ್ಜಿ ಹೋದರೆ ಇನ್ನು ನಗುವವರು ಯಾರು? ಅಮ್ಮನಿಗೆ ಬರುವುದು ಒಂದೇ ಡೈಲಾಗ್: "ಸಾಕು ನಿಲ್ಸು."

ಚಿಕ್ಕಪ್ಪ ತನ್ನ ಕೂಲರ್ ಹೊತ್ತು ತಂದ. "ನೀರು ಹಾಕು, ಸ್ವಿಚ್ ಒತ್ತು, ಆಮೇಲೆ ನೋಡು ಮಜಾ!" ಗಾಳಿಯಾಡದ ಮನೆಯಲ್ಲಿ ನೀರಿನ ಕೂಲರ್! ಮಾರನೇ ದಿನಕ್ಕೆ ಉಪ್ಪು ಡಬ್ಬಿಯಲ್ಲೇ ಅತ್ತಿತು. ಗಿಣಿ ಎತ್ತಿ ಹಿಡಿದ ಬಿಸ್ಕತ್ತು ಸೊಂಟ ಬಗ್ಗಿಸಿತು. "ಚಿಕ್ಕಪ್ಪಾ, ಬಿಸ್ಕತ್ತು ನಿಂಗೆ ನಮಸ್ಕಾರ ಹೇಳ್ತಿದೆ. ನೋಡು ಮಜಾ!" ಚಿಕ್ಕಪ್ಪ ಕೂಲರ್ ಹೊತ್ತು ವಾಪಸು ನಡೆದ.

ಆಮೇಲೆ ಎ.ಸಿ. ಅಂಗಡಿಯವರು ಬಂದರು. ಗೋಡೆ ಮುಟ್ಟಲಿಲ್ಲ, ಕಿಟಕಿ ನೋಡಲಿಲ್ಲ. "ಎರಡು ಟನ್ ಹಾಕ್ಸಿ ಸಾರ್! ಸ್ವೆಟರ್ ಹುಡುಕ್ಬೇಕು, ಸ್ವೆಟರ್!"

"ಇಂಥ ಗೋಡೆಗೆ ಎರಡು ಟನ್ನಾ?" ಅಪ್ಪ ನಕ್ಕ. "ಗಳಿಗೇಲಿ ರೂಮು ತಣ್ಣಗಾಗಿ ಮಷೀನು ನಿಂತ್ಬಿಡುತ್ತೆ. ಗಾಳಿಯ ತೇವ ಹೋಗಲ್ಲ, ಮೈ ಜಿಗುಟು ಹಾಗೇ ಇರುತ್ತೆ. ಇರೋದ್ರಲ್ಲೇ ಸಣ್ಣದು ಕೊಡಿ."

"ಸಣ್ಣದು ಮುಂದಿನ ತಿಂಗಳು ಸಾರ್."

ಭಾನುವಾರ ಮಾತ್ರ ಮುಂದಿನ ತಿಂಗಳಲ್ಲಿರಲಿಲ್ಲ. ಅಜ್ಜಿಯ ಪೆಟ್ಟಿಗೆ ಆಗಲೇ ಮಂಚದ ಕೆಳಗಿನಿಂದ ಹೊರಬಂದಿತ್ತು.

ಶನಿವಾರ ಬೆಳಗ್ಗೆ, ಬಿಸಿಲು ಬೀಳುವ ಮೊದಲೇ ಗಿಣಿ ಹಾಲು ತರಲು ಹೋದಳು. ಬೀದಿಯಲ್ಲಿ ತಣ್ಣನೆ ಗಾಳಿ, ಬರಿಗೈ ಜುಮ್ಮೆಂದಿತು. ವಾಪಸು ಬಂದು ಬಾಗಿಲು ತಳ್ಳಿದರೆ, ಯಾರೋ ಮುಖಕ್ಕೇ ಬಿಸಿ ಉಸಿರು ಬಿಟ್ಟಂತಾಯಿತು. ಅವಳು ಹಾಗೇ ನಿಂತಳು. ಹೊಸ್ತಿಲ ಹೊರಗಿನ ಕಾಲು ತಂಪು, ಒಳಗಿನ ಕಾಲು ಸೆಕೆ.

"ಬಾಗ್ಲೂ...!" ಒಳಗಿನಿಂದ ಕೂಗು. ಈ ಸಲ ನಿಜವಾದ ಅಪ್ಪ.

ಗಿಣಿಗೆ ರೇಗಿತು. ಹೊಟ್ಟೆ ಚಾಚಿದಳು. "ಹೌದು ಹೌದು, ಬಾಗ್ಲು ಹಾಕ್ರೋ! ತಂಪೆಲ್ಲಾ ಒಳಗೆ ಬಂದ್ಬಿಡುತ್ತೆ!"

ಅಪ್ಪ ದುಮುಗುಡುತ್ತ ಬಂದು ಬಾಗಿಲಿಗೆ ಕೈ ಹಾಕಿದ. ಗಾಳಿ ಅವನ ಬನಿಯನ್ನಿಗೆ ಬಡಿಯಿತು. ಅವನ ಕೈ ಬಾಗಿಲ ಮೇಲೇ ನಿಂತಿತು.

"ಗೋದಾಮಲ್ಲಿ ಹೊರಗಡೆ ಯಾವಾಗ್ಲೂ ಬಿಸಿನೇ ಕಣೇ," ಎಂದ ಮೆಲ್ಲಗೆ. "ಮುಚ್ಚಿ ಮುಚ್ಚಿ ಅದೇ ಅಭ್ಯಾಸ."

ಹೋಗಿ ಕಿಟಕಿಗಳನ್ನೆಲ್ಲ ತೆರೆದ. ಟೇಬಲ್ ಫ್ಯಾನನ್ನು ಹಿಂದಿನ ಕಿಟಕಿಯಲ್ಲಿ ಹೊರಮುಖವಾಗಿ ಇಟ್ಟ. ಅದು ಒಳಗಿನ ಬಿಸಿಯನ್ನು ಹೊರಗೆ ದಬ್ಬಿತು; ಮುಂಬಾಗಿಲಿಂದ ಬೀದಿಯ ತಂಪು ನುಗ್ಗಿತು. ಬಿಸಿಲು ಕಾಂಪೌಂಡ್ ಹತ್ತುತ್ತಲೇ ಎಲ್ಲವನ್ನೂ ಮತ್ತೆ ಭದ್ರವಾಗಿ ಮುಚ್ಚಿದ. ಮಧ್ಯಾಹ್ನ ಹೊರಗೆ ರಸ್ತೆ ಕಾದು ಕುದಿಯುತ್ತಿದ್ದರೂ ಒಳಗೆ ಗೋಡೆಗಳು ಬೆಳಗಿನ ತಂಪನ್ನು ಬಿಟ್ಟುಕೊಡಲಿಲ್ಲ. ಅಜ್ಜಿ ಗೊರಕೆ ಹೊಡೆದಳು.

ಸಂಜೆ ಎದ್ದವಳೇ ಪೆಟ್ಟಿಗೆಯಿಂದ ತನ್ನ ಶಾಲು ತೆಗೆದು ಗೂಟಕ್ಕೆ ನೇತುಹಾಕಿದಳು. "ನಿಮ್ಮತ್ತೆ ಎಲ್ಲಿಗೂ ಓಡಿಹೋಗಲ್ಲ, ಇನ್ನೊಂದ್ಸಲ ಹೋದ್ರಾಯ್ತು. ಎಲ್ಲಿ, ನಿಮ್ಮಪ್ಪನ ಕೂಗು ಒಂದ್ಸಲ ಕೂಗು."

ಗಿಣಿ ಹೊಟ್ಟೆ ಚಾಚಿ ಬಾಯಿ ತೆರೆದಳು. ಅಷ್ಟರಲ್ಲಿ ಅಪ್ಪ ಕಣ್ಣಿಗೆ ಬಿದ್ದ. ಕಿಟಕಿ ಕೈ ತೂರುವಷ್ಟೇ ತೆರೆದು, ಬೀದಿ ತಣ್ಣಗಾಯಿತೇ ಎಂದು ಅಂಗೈ ಹೊರಗಿಟ್ಟು, ಮೇಷ್ಟ್ರು ಪಾಸೋ ಫೇಲೋ ಹೇಳುವುದನ್ನು ಕಾಯುವ ಹುಡುಗನ ಹಾಗೆ ನಿಂತಿದ್ದ.

ಗಿಣಿ ಹೊಟ್ಟೆ ಒಳಗೆಳೆದುಕೊಂಡಳು. ಅವಳು ಹೋಗಿ ತನ್ನ ಕೈಯನ್ನೂ ಅವನ ಕೈ ಪಕ್ಕ ಹೊರಗಿಟ್ಟಳು.

"ಈಗ್ಲಾ ಅಪ್ಪಾ?"

"ಇನ್ನೂ ಬಿಸಿ. ತಂಪಾದಾಗ ನೀನೇ ಹೇಳು."

ಬೀದಿ ದೀಪ ಹತ್ತಿತು. ಇಬ್ಬರೂ ಕೈ ಹಿಂದಕ್ಕೆ ತೆಗೆಯಲಿಲ್ಲ. ಕೊನೆಗೆ ಬೆರಳ ಸಂದಿಯಲ್ಲಿ ಏನೋ ತಣ್ಣಗೆ ಹರಿಯಿತು.

"ಈಗ," ಎಂದಳು ಗಿಣಿ, ತನ್ನದೇ ಸಣ್ಣ ದನಿಯಲ್ಲಿ.